ಮೂರು ರೆಕ್ಕೆಯ ಫ್ಯಾನು

ನಮ್ಮಕ್ಕನ ಮಗನಿಗೆ ಆಗ ಆರು ವರ್ಷ. ಬಾಯಲ್ಲಿ ಬರುತ್ತಿದ್ದದ್ದು ಹತ್ತಿಪ್ಪತ್ತು ಮಾತು, ಅದರಲ್ಲೂ ಅರ್ಧ ತಿಂಡಿಯ ಹೆಸರು. ಆದರೆ ಫ್ಯಾನು ಬಿಡಿಸುತ್ತಿದ್ದ. ಮನೆಯಲ್ಲಿ ಸಿಕ್ಕ ಕಾಗದದ ಮೇಲೆಲ್ಲ ಫ್ಯಾನು: ಹಾಲಿನ ಲೆಕ್ಕದ ಚೀಟಿ, ಲಗ್ನಪತ್ರಿಕೆಯ ಹಿಂಬದಿ, ಭಾವನವರ ಎಲ್‌ಐಸಿ ರಸೀದಿ. ನಡುವೆ ದುಂಡಗಿನ ಮೋಟರು, ಮೂರು ರೆಕ್ಕೆ, ಮೇಲೊಂದು ಸರಳು, ಸರಳಿನ ತುದಿಯಲ್ಲಿ ಕೊಕ್ಕೆ ಕಾಣದಂತೆ ಮುಚ್ಚುವ ಗಂಟೆಯಾಕಾರದ ಮುಚ್ಚಳ. ಆ ಮುಚ್ಚಳವನ್ನು ಅವನು ಎಂದೂ ಮರೆತದ್ದಿಲ್ಲ. ನಾನು ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಫ್ಯಾನಿಗೆ ಅಂಥದೊಂದು ಮುಚ್ಚಳ ಇರುತ್ತದೆಂದು ಗಮನಿಸಿದ್ದು ಅವನ ಚಿತ್ರ ನೋಡಿದ ಮೇಲೆಯೇ.

ಮೇಷ್ಟ್ರ ಚಾಳಿ ಬಿಡುತ್ತದೆಯೇ. "ಫ್ಯಾನು ಸಾಕು ಪುಟ್ಟಾ, ಈಗೊಂದು ಮನೆ ಬಿಡಿಸೋಣ" ಎಂದು ಅವನ ಕೈ ಹಿಡಿದು ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಹೆಂಚಿನ ಮನೆ, ಎಲ್ಲ ಬಿಡಿಸಿದೆ. ನಮ್ಮ ಕಡೆಯ ಮಕ್ಕಳೆಲ್ಲ ತಲೆತಲಾಂತರದಿಂದ ಬಿಡಿಸುತ್ತ ಬಂದಿರುವ ಆ ಒಂದೇ ಚಿತ್ರ. ಅವನು ಕೈ ಸಡಿಲ ಬಿಟ್ಟು ಎಲ್ಲೋ ನೋಡುತ್ತ ಕೂತಿದ್ದ. ಮುಗಿದ ಮೇಲೆ ಪೆನ್ಸಿಲ್ ಕಿತ್ತುಕೊಂಡು ಸೂರ್ಯನಿಗೆ ಮೂರು ರೆಕ್ಕೆ ಹಾಕಿ ಎದ್ದುಹೋದ.

ಅವನ ಸ್ಪೀಚ್ ಥೆರಪಿಸ್ಟ್ ಆ ಹಾಳೆ ನೋಡಿ ಕೇಳಿದರು: "ಸಾರ್, ಇದರಲ್ಲಿ ಅವನದೆಷ್ಟು, ನಿಮ್ಮದೆಷ್ಟು?"

ಸೂರ್ಯನ ರೆಕ್ಕೆ ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನದೇ. ಆಟಿಸಂ ಇರುವ ಮಗುವಿನ ಕೈಗೆ ಬಣ್ಣ ಕೊಡುವ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಆ ಪ್ರಶ್ನೆಯನ್ನು ಆಗಾಗ ಕೇಳಿಕೊಂಡರೆ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ. ಅಂದಿನಿಂದ ಏಳೆಂಟು ವರ್ಷ ಅವನ ಪಕ್ಕ ಕೂತು ಕಲಿತದ್ದು, ಓದಿ ತಿಳಿದದ್ದು, ಥೆರಪಿಸ್ಟ್‌ಗಳ ಹತ್ತಿರ ಬೈಸಿಕೊಂಡು ತಿದ್ದಿಕೊಂಡದ್ದು ಇಲ್ಲಿದೆ.

ಮಾತಿಗೆ ಮೊದಲು

ಪತ್ರಿಕೆಗಳು 'ಸ್ವಲೀನತೆ' ಎಂದು ಬರೆಯುತ್ತವೆ, ಮನೆಗಳಲ್ಲಿ ಎಲ್ಲರೂ ಆಟಿಸಂ ಎಂದೇ ಅನ್ನುತ್ತಾರೆ. ನನಗೂ ಎರಡನೆಯದೇ ವಾಸಿ. ತನ್ನಲ್ಲೇ ಲೀನವಾದ ಮಗು ಎಂದುಬಿಟ್ಟರೆ, ಅದಕ್ಕೆ ಹೊರಗಿನವರಿಗೆ ಹೇಳುವುದೇನೂ ಇಲ್ಲ ಎಂಬ ಅರ್ಥ ಹೊರಡುತ್ತದೆ. ಅಮೆರಿಕದಲ್ಲಿದ್ದ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಬರೆದಾಗ ಈ ಹೆಸರು ನೆಲೆಯಾಯಿತು. ಅಲ್ಲಿಂದ ಈಚೆಗೆ ತಿಳಿವಳಿಕೆ ಬಹಳ ಬದಲಾಗಿದೆ. ಇದು ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ, ತಾಯಿಯ ಆರೈಕೆ ಸಾಲದ್ದರಿಂದ ಬಂದದ್ದಲ್ಲ. ಒಂದೊಂದು ಮಗುವಿನದು ಒಂದೊಂದು ಬಗೆ. ಸದ್ದು, ಬೆಳಕು, ಮುಟ್ಟಿದ್ದು, ಮೂಸಿದ್ದು ಕೆಲವರಿಗೆ ವಿಪರೀತ ತಾಕುತ್ತದೆ, ಕೆಲವರಿಗೆ ಸಾಲುವುದೇ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 2013ರ ಪರಿಷ್ಕರಣೆಯಲ್ಲಿ ಈ ಇಂದ್ರಿಯಗಳ ವಿಷಯವನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿಕೊಂಡಿತು. ಬಣ್ಣ ಹಿಡಿಯುವ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಆಮೇಲೆ ಬರುತ್ತೇನೆ.

ಚಿತ್ರ ಯಾಕೆ? ಆಡಿದ ಮಾತು ಗಾಳಿಗೆ ಹೋಗುತ್ತದೆ. ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಉತ್ತರ ಹುಡುಕುವಷ್ಟರಲ್ಲಿ ಎದುರಿನವರು ಇನ್ನೊಂದು ಪ್ರಶ್ನೆ ಕೇಳಿರುತ್ತಾರೆ. ಚಿತ್ರ ಕಾಗದದ ಮೇಲೆ ಕೂತಿರುತ್ತದೆ, ಕಾಯುತ್ತದೆ. ಮುಖ ನೋಡಿ ಮಾತಾಡುವುದು ಕಷ್ಟವಾಗುವ ಮಗು ಪಕ್ಕದಲ್ಲಿ ಕೂತು ಒಂದೇ ಹಾಳೆಯನ್ನು ನೋಡಬಲ್ಲದು. ದನಗಳ ಕೊಟ್ಟಿಗೆ, ದಾರಿಗಳ ವಿನ್ಯಾಸದಲ್ಲಿ ಹೆಸರು ಮಾಡಿದ ಆಟಿಸ್ಟಿಕ್ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ 1995ರಲ್ಲಿ 'ಥಿಂಕಿಂಗ್ ಇನ್ ಪಿಕ್ಚರ್ಸ್' ಎಂಬ ಪುಸ್ತಕ ಬರೆದು, ತನ್ನ ಯೋಚನೆಯೆಲ್ಲ ಚಿತ್ರಗಳಲ್ಲೇ ಓಡುತ್ತದೆ, ಮಾತು ತನಗೆ ಎರಡನೆಯ ಭಾಷೆ ಎಂದರು. ಎಲ್ಲ ಆಟಿಸ್ಟಿಕರೂ ಹಾಗಲ್ಲ ಎಂದು ಆಮೇಲೆ ಅವರೇ ತಿದ್ದಿಕೊಂಡರು. ಕೆಲವರ ತಲೆ ಲೆಕ್ಕ, ವಿನ್ಯಾಸಗಳಲ್ಲಿ ಓಡುತ್ತದೆ, ಕೆಲವರದು ಪದಗಳಲ್ಲೇ. ಚಿತ್ರ ಎಂದರೆ ದೂರ ಓಡುವ ಮಗುವೂ ಇದೆ. ಅದಕ್ಕೆ ಡೋಲು ಕೊಡಿ, ಮಣ್ಣು ಕೊಡಿ, ಸುಮ್ಮನೆ ಬಿಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಚಿತ್ರ ಬಿಡಿಸುವುದರಿಂದ ಆಟಿಸಂ 'ಗುಣ'ವಾಗುವುದಿಲ್ಲ. ಹಾಗೆಂದು ಹೇಳಿ ದುಡ್ಡು ಕೇಳುವವರ ಬಾಗಿಲಿಂದ ಚಪ್ಪಲಿ ಹಾಕಿಕೊಂಡು ಬನ್ನಿ.

ಬಣ್ಣದ ಡಬ್ಬಿ ಕೊಳ್ಳುವ ಮುಂಚೆ

ಅಂಗಡಿಗೆ ಹೋಗಿ 48 ಬಣ್ಣದ ಡಬ್ಬಿ ತಂದು ಮುಂದಿಡುವುದು ಎಲ್ಲರೂ ಮಾಡುವ ಮೊದಲ ಕೆಲಸ. ಮಗು ಅವನ್ನು ಸಾಲಾಗಿ ಜೋಡಿಸುತ್ತದೆ, ಒಂದು ಕಡಿಮೆಯಾದರೆ ಗಲಾಟೆ ಮಾಡುತ್ತದೆ, ಬಿಡಿಸುವುದು ಮಾತ್ರ ಇಲ್ಲ. ಮೂರು ಬಣ್ಣದಿಂದ ಶುರುಮಾಡಿ. ಕ್ರೇಯಾನ್ ಉದ್ದವಿದ್ದರೆ ಮುರಿಯಿರಿ. ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯಿಂದಲೇ ಹಿಡಿಯಬೇಕಾಗುತ್ತದೆ. ಆಕ್ಯುಪೇಶನಲ್ ಥೆರಪಿ (ನಮ್ಮಲ್ಲಿ ಎಲ್ಲರೂ ಓಟಿ ಅನ್ನುವುದು) ಮಾಡುವವರು ಬೇಕೆಂದೇ ತುಂಡು ಕ್ರೇಯಾನ್ ಇಟ್ಟುಕೊಂಡಿರುತ್ತಾರೆ. ಹಾಳೆಯ ನಾಲ್ಕು ಮೂಲೆಗೆ ಟೇಪ್ ಹಚ್ಚಿ. ಜಾರುವ ಹಾಳೆ ಎಷ್ಟು ಮಕ್ಕಳನ್ನು ಎಬ್ಬಿಸಿ ಓಡಿಸಿದೆಯೋ ಲೆಕ್ಕವಿಲ್ಲ. ಕೂತು ಬಿಡಿಸಲು ಒಲ್ಲದ ಮಗುವಿಗೆ ಹಾಳೆಯನ್ನು ಗೋಡೆಗೋ ಬೀರುವಿನ ಬಾಗಿಲಿಗೋ ಅಂಟಿಸಿ ಕೊಡಿ. ನಿಂತು, ತೋಳು ಎತ್ತಿ ಬಿಡಿಸಿದರೆ ಭುಜಕ್ಕೂ ಮಣಿಕಟ್ಟಿಗೂ ಕೆಲಸ ಸಿಗುತ್ತದೆ.

ಇನ್ನು ಇಂದ್ರಿಯಗಳ ವಿಷಯ. ಅಂಟು ಕೈಗೆ ತಗುಲಿದರೆ ಚೀರುವ ಮಗುವಿಗೆ ಬೆರಳಲ್ಲಿ ಬಣ್ಣ ಬಳಿಯಲು ಹೇಳುವುದು, ನಮ್ಮ ಕೈಯನ್ನು ಚರಂಡಿಗೆ ಅದ್ದು ಎಂದಂತೆ. ಅಂಥ ಮಗುವಿಗೆ ಉದ್ದ ಹಿಡಿಯ ಬ್ರಶ್ ಕೊಡಬಹುದು. ಇಲ್ಲವೇ ಜಿಪ್ ಕವರಿನೊಳಗೆ ಎರಡು ಚಮಚ ಬಣ್ಣ ಹಾಕಿ, ಬಾಯಿ ಮುಚ್ಚಿ, ಟೇಪಿನಿಂದ ಕಿಟಕಿ ಗಾಜಿಗೆ ಅಂಟಿಸಿ. ಹೊರಗಿಂದ ಬೆರಳಲ್ಲಿ ಒತ್ತಿದರೆ ಒಳಗೆ ಗೆರೆ ಮೂಡುತ್ತದೆ, ಕೈ ಒಣಗಿದ್ದಂತೆಯೇ ಇರುತ್ತದೆ. ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಯಾವಾಗಲೂ ಇರಲಿ. ಬೇಕಾದಾಗ ಒರೆಸಿಕೊಳ್ಳಬಹುದು ಎಂಬುದು ಗೊತ್ತಿದ್ದರೆ ಧೈರ್ಯ ಬರುತ್ತದೆ. ಸ್ಲೇಟಿನ ಮೇಲೆ ಬಳಪದ ಕಿರ್ರ್ ಸದ್ದು ಕೆಲವರಿಗೆ ಹಲ್ಲು ಜುಮ್ಮೆನ್ನಿಸುತ್ತದೆ. ಬಳಪವನ್ನು ನೀರಲ್ಲಿ ನೆನೆಸಿ ಕೊಟ್ಟರೆ ಸದ್ದು ಕಡಿಮೆ. ಸ್ಕೆಚ್ ಪೆನ್ನಿನ ವಾಸನೆ, ಟ್ಯೂಬ್‌ಲೈಟಿನ ಮಿಣುಕು, ಅಡುಗೆಮನೆಯ ಮಿಕ್ಸಿ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಇಡೀ ಹೊತ್ತು ಕೆಡಲು. ಮಗುವಿಗೆ ಚಿತ್ರ ಇಷ್ಟವಿಲ್ಲ ಎಂದು ತೀರ್ಮಾನಿಸುವ ಮುಂಚೆ ಮಿಕ್ಸಿ ಆರಿಸಿ ನೋಡಿ.

ತದ್ವಿರುದ್ಧದ ಮಕ್ಕಳೂ ಇದ್ದಾರೆ. ಒತ್ತಬೇಕು, ಹಿಸುಕಬೇಕು, ಬಡಿಯಬೇಕು. ಇವರಿಗೆ ಮಣ್ಣಿನಂಥದ್ದು ಮತ್ತೊಂದಿಲ್ಲ. ಗಣೇಶನ ಹಬ್ಬದ ಸುಮಾರಿಗೆ ಕುಂಬಾರರ ಹತ್ತಿರ ಹದ ಮಾಡಿದ ಜೇಡಿಮಣ್ಣು ಸಿಗುತ್ತದೆ. ಒದ್ದೆ ಗೋಣಿ ಸುತ್ತಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಚಪಾತಿ ಕಣಕವೂ ನಡೆಯುತ್ತದೆ.

ಎಲ್ಲವನ್ನೂ ಬಾಯಿಗಿಡುವ ಮಗುವಿನ ಮನೆಯಲ್ಲಿ ಬಣ್ಣವೇ ಅಡುಗೆಮನೆಯಿಂದ ಬರಲಿ. ಅಕ್ಕಿಹಿಟ್ಟಿನ ಗಂಜಿ ಗಟ್ಟಿಯಾಗಿ ಕಾಯಿಸಿ ಆರಿಸಿ, ಒಂದು ಬಟ್ಟಲಿಗೆ ಅರಿಶಿನ, ಒಂದಕ್ಕೆ ಬೀಟ್‌ರೂಟ್ ರಸ, ಒಂದಕ್ಕೆ ಪಾಲಕ್ ರಸ ಹಾಕಿ ಕಲಸಿ. ಸಂಜೆಗೆ ಚೆಲ್ಲಿಬಿಡಿ, ಇಟ್ಟರೆ ಹುಳಿಯುತ್ತದೆ. ಅರಿಶಿನದ ಬಣ್ಣಕ್ಕೆ ಚಿಟಿಕೆ ಅಡುಗೆ ಸೋಡ ಬಿದ್ದರೆ ಕಣ್ಣೆದುರೇ ಕೆಂಪಾಗುತ್ತದೆ. ನಮ್ಮವನು ಇದನ್ನು ಒಂದು ಸಂಜೆ ಹದಿನಾಲ್ಕು ಸಲ ಮಾಡಿಸಿದ. ಬಟ್ಟೆಯ ಕಲೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿ. ಉಪ್ಪು ಬೆರೆಸಿ ಮಾಡುವ ಆಟದ ಹಿಟ್ಟು ಕೆಡದೆ ಬಹಳ ದಿನ ಬರುತ್ತದೆ, ಆದರೆ ಬಾಯಿಗಿಡುವ ಮಗುವಿಗೆ ಅಷ್ಟು ಉಪ್ಪು ಅಪಾಯ, ಅದು ಬೇಡವೇ ಬೇಡ. ರಂಗೋಲಿಯ ಬಣ್ಣದ ಪುಡಿಯೂ ಬೇಡ. ಅಟ್ಟದ ಮೇಲಿನ ಹಳೆಯ ಪೇಂಟ್ ಡಬ್ಬಿಯನ್ನಂತೂ ತೆಗೆಯಲೇಬೇಡಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು.

ತಪ್ಪಾದೀತೆಂದು ಹೆದರಿ ಗೆರೆ ಎಳೆಯದ, ಎಳೆದರೆ ಹಾಳೆ ಹರಿಯುವ ಮಕ್ಕಳಿರುತ್ತಾರೆ. ಅವರಿಗೆ ಒಂದು ತಂಬಿಗೆ ನೀರು, ಒಂದು ದಪ್ಪ ಬ್ರಶ್ ಕೊಟ್ಟು ಸಿಮೆಂಟಿನ ಅಂಗಳಕ್ಕೆ ಬಿಡಿ. ಬರೆದದ್ದು ಐದು ನಿಮಿಷದಲ್ಲಿ ಬಿಸಿಲಿಗೆ ಆರಿಹೋಗುತ್ತದೆ. ಚುಕ್ಕಿ ರಂಗೋಲಿಯೂ ಇಂಥವರಿಗೆ ಒಗ್ಗುತ್ತದೆ. ಎಲ್ಲಿ ಶುರು, ಎಲ್ಲಿ ಕೊನೆ ಎನ್ನುವುದು ಚುಕ್ಕಿಯಲ್ಲೇ ಇದೆ, ಎಡಕ್ಕೆ ಆದದ್ದು ಬಲಕ್ಕೂ ಆಗುತ್ತದೆ. ಗಂಡುಹುಡುಗ ರಂಗೋಲಿ ಹಾಕುವುದೇ ಎಂದು ಮೂಗು ಮುರಿಯುವ ಅಜ್ಜಿಯರಿಗೆ ಪೂರ್ತಿ ಆದ ಮೇಲೆ ತೋರಿಸಿ.

ಪಕ್ಕದಲ್ಲಿ ಕೂರುವುದು

ಹೊತ್ತು ಗೊತ್ತಿರಲಿ. ದಿನಾ ಅದೇ ಚಾಪೆ, ಅದೇ ಮೂಲೆ, ಹತ್ತು ನಿಮಿಷದಿಂದ ಶುರು. 'ಮೊದಲು ಚಿತ್ರ, ಆಮೇಲೆ ಉಯ್ಯಾಲೆ' ಎಂದು ಎರಡೇ ಚಿತ್ರವಿರುವ ರಟ್ಟನ್ನು ಎದುರಿಗಿಟ್ಟರೆ ಬಾಯಲ್ಲಿ ನಾಲ್ಕು ಸಲ ಹೇಳಿದ್ದಕ್ಕಿಂತ ಚೆನ್ನಾಗಿ ತಲುಪುತ್ತದೆ. ಮುಗಿಯಿತು ಎನ್ನುವುದಕ್ಕೂ ಒಂದು ಗುರುತು ಬೇಕು. ನಮ್ಮಲ್ಲಿ ಅದು ಡಬ್ಬಿಯ ಮುಚ್ಚಳ ಹಾಕುವ ಸದ್ದು, ಹಾಕುವವನು ಅವನೇ.

ಆಮೇಲೆ ನೀವೇನು ಮಾಡಬೇಕು? ನೀವೂ ಒಂದು ಹಾಳೆ ತೆಗೆದುಕೊಂಡು ಬಿಡಿಸಬೇಕು. ಅಷ್ಟೇ. ಇದು ಹೇಳುವಷ್ಟು ಸುಲಭವಲ್ಲ, ನಮಗೆ ಕಲಿಸುವ ಚಟ. "ಇದೇನು? ಇದರ ಬಣ್ಣ ಯಾವುದು? ಎಷ್ಟು ರೆಕ್ಕೆ, ಎಣಿಸು?" ಎನ್ನುತ್ತ ಹೋದರೆ ಅದು ಪರೀಕ್ಷೆ. ಪ್ರಶ್ನೆ ಬಿಟ್ಟು ಕಂಡದ್ದನ್ನು ಹೇಳಿ: "ಫ್ಯಾನು. ದೊಡ್ಡ ಫ್ಯಾನು." ಹೇಳಿ ಬಾಯಿ ಮುಚ್ಚಿ. ಮನಸ್ಸಿನಲ್ಲಿ ಹತ್ತು ಎಣಿಸಿ. ನಮಗೆ ಆ ಹತ್ತು ಬಹಳ ಉದ್ದ ಅನ್ನಿಸುತ್ತದೆ, ಮಗುವಿಗೆ ಅಷ್ಟು ಬೇಕು. ಮಾತುಮಾತಿಗೆ 'ವೆರಿ ಗುಡ್' ಎನ್ನುವುದನ್ನೂ ನಿಲ್ಲಿಸಿ. ಚಿತ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಮೇಷ್ಟ್ರಿಗೆ ಖುಷಿಯಾಯಿತು ಎಂದಷ್ಟೇ ಹೇಳುತ್ತದೆ.

ಮನೆ, ಗುಡ್ಡದ ಆಸೆ ಬಿಟ್ಟು ನಾನೂ ಫ್ಯಾನು ಬಿಡಿಸಲು ಶುರುಮಾಡಿದೆ. ಅವನು ಗೆರೆ ಎಳೆದರೆ ನನ್ನ ಹಾಳೆಯಲ್ಲಿ ನಾನೂ ಗೆರೆ ಎಳೆದೆ. ನಾಲ್ಕೈದು ದಿನ ಅವನು ನನ್ನ ಕಡೆ ತಿರುಗಲಿಲ್ಲ. ಆರನೆಯ ದಿನವೋ ಏಳನೆಯ ದಿನವೋ ನನ್ನ ಫ್ಯಾನಿಗೆ ಮೂರು ರೆಕ್ಕೆ ಹಾಕಿ, ಸರಳು ಎಳೆದು, ಪೆನ್ಸಿಲ್ ಕೆಳಗಿಟ್ಟೆ. ಅವನ ಕೈ ನನ್ನ ಹಾಳೆಗೆ ಬಂತು. ಸರಳಿನ ತುದಿಯಲ್ಲಿ ಗಂಟೆಯಾಕಾರದ ಮುಚ್ಚಳ ಹಾಕಿ ಕೈ ಹಿಂದೆ ಹೋಯಿತು. ನಾನು ಮರೆತಿದ್ದೆ. ಇಪ್ಪತ್ತೆರಡು ವರ್ಷ ಮಕ್ಕಳ ಚಿತ್ರ ತಿದ್ದಿದವನ ಚಿತ್ರವನ್ನು ಆರು ವರ್ಷದ ಹುಡುಗ ತಿದ್ದಿದ. ಮರುದಿನ ಬೇಕೆಂದೇ ಮುಚ್ಚಳ ಬಿಟ್ಟೆ. ತಿರುಗಿ ನನ್ನ ಮುಖವನ್ನೇ ನೋಡಿದ.

ಅದೇ ಅದೇ ಬಿಡಿಸುತ್ತಾನಲ್ಲ, ತಪ್ಪಿಸಬೇಕಲ್ಲವೇ ಎಂದು ಅಕ್ಕ ಕೇಳುತ್ತಿದ್ದಳು. ಅಮೆರಿಕದ ಜೆಸಿ ಪಾರ್ಕ್ ಎಂಬ ಆಟಿಸ್ಟಿಕ್ ಚಿತ್ರಗಾರ್ತಿ ಹುಟ್ಟಿದ್ದು 1958ರಲ್ಲಿ. ಅವಳ ಅಮ್ಮ ಕ್ಲಾರಾ ಬರೆದ 'ದಿ ಸೀಜ್' 1967ರಲ್ಲಿ ಬಂತು, ಒಬ್ಬ ತಾಯಿ ಆಟಿಸಂ ಬಗ್ಗೆ ಬರೆದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ಜೆಸಿ ಬಿಡಿಸಿದ್ದು ಹೂವು ಹಣ್ಣಲ್ಲ. ರೇಡಿಯೊದ ಮುಳ್ಳು, ವಿದ್ಯುತ್ ಹೀಟರು, ವಿದ್ಯುತ್ ಕಂಬಳಿಯ ಸ್ವಿಚ್ಚು. ಮುಂದೆ ಅವಳು ಕಾಮನಬಿಲ್ಲಿನ ಬಣ್ಣಗಳಲ್ಲಿ ಬಿಡಿಸಿದ ಮನೆ, ಕಟ್ಟಡಗಳಿಗೆ ಹೆಸರು ಬಂತು. ಹೀಟರಿನಿಂದ ಕಟ್ಟಡಕ್ಕೆ ಅವಳನ್ನು ಯಾರೂ ಎಳೆದೊಯ್ಯಲಿಲ್ಲ. ಫ್ಯಾನಿಗೆ ನಾವು ಸೇರಿಸಬಹುದಾದದ್ದು ಒಂದು ಎಳೆ ಮಾತ್ರ: ಒಂದು ದಿನ ಫ್ಯಾನಿನ ಕೆಳಗೆ ನಾನೊಂದು ಮಂಚ ಬಿಡಿಸಿಟ್ಟೆ. ಎರಡು ದಿನ ಬಿಟ್ಟು ಅವನು ಮಂಚದ ಮೇಲೆ ಒಬ್ಬ ಮನುಷ್ಯನನ್ನು ಮಲಗಿಸಿದ. ಮೀಸೆ ಇತ್ತು, ಭಾವನವರೇ.

ಕೈ ಹಿಡಿದು ಬರೆಸುವ ಬಗ್ಗೆ ಒಂದು ಮಾತು. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ನಾಡು ನಮ್ಮದು, ಹಾಗಾಗಿ ಇದು ತಪ್ಪೆಂದು ನಮಗೆ ಹೊಳೆಯುವುದೇ ಇಲ್ಲ. ಒಂದು ದಿನದ ಶಾಸ್ತ್ರಕ್ಕೆ ಸರಿ. ದಿನಾ ಮಾಡಿದರೆ ಮಗು ತನ್ನ ಕೈಯನ್ನು ನಿಮಗೆ ಒಪ್ಪಿಸಿ ಬೇರೆಲ್ಲೋ ಹೋಗಿಬಿಡುತ್ತದೆ. ಸಹಾಯ ಬೇಕೇಬೇಕಾದರೆ ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಅದರ ಮೇಲಿರಲಿ. ಬೇಡವೆನಿಸಿದಾಗ ಅದು ಕೈ ತೆಗೆಯಬಹುದು. 1990ರ ದಶಕದಲ್ಲಿ ಅಮೆರಿಕದಲ್ಲಿ ಮಾತಿಲ್ಲದ ಮಕ್ಕಳ ಕೈಗೆ ಆಸರೆ ಕೊಟ್ಟು ಟೈಪ್ ಮಾಡಿಸುವ ಒಂದು ವಿಧಾನ ಬಹಳ ಜನಪ್ರಿಯವಾಗಿತ್ತು. ಮಕ್ಕಳು ಪುಟಗಟ್ಟಲೆ 'ಬರೆದರು'. ಆಮೇಲೆ ಮಗುವಿಗೊಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ, ಟೈಪಾದದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಅವರು ಮೋಸಗಾರರಲ್ಲ, ತಾವೇ ಬರೆಯುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ನನ್ನ ಸೂರ್ಯ, ಗುಡ್ಡಗಳನ್ನು ನೆನೆದರೆ ಅವರ ಮೇಲೆ ನನಗೆ ಕೋಪ ಬರುವುದಿಲ್ಲ.

ಚಿತ್ರ ಓದುವ ಚಪಲ

ಕಪ್ಪು ಬಣ್ಣ ಹಚ್ಚಿದರೆ ದುಃಖ, ಕೆಂಪು ಹಚ್ಚಿದರೆ ಕೋಪ, ಮನೆಗೆ ಬಾಗಿಲಿಲ್ಲದಿದ್ದರೆ ಒಂಟಿತನ. ಇಂಥ ಪಟ್ಟಿಗಳು ಎಲ್ಲ ಕಡೆ ಓಡಾಡುತ್ತವೆ. ನಂಬಬೇಡಿ. ಕಪ್ಪು ಕ್ರೇಯಾನ್ ಹತ್ತಿರವಿತ್ತು, ಬಿಳಿ ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ ಇರಬಹುದು.

ಅವನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಮೂರನೆಯ ತಿಂಗಳಲ್ಲಿ ಸ್ಕೂಲ್ ಬಸ್ ಹತ್ತಲು ಒಲ್ಲೆನೆಂದ. ಕೈ ಕಚ್ಚಿಕೊಳ್ಳುವುದು, ಗೇಟು ಹಿಡಿದು ನೆಲಕ್ಕೆ ಕೂರುವುದು. ಅದೇ ವಾರ ಫ್ಯಾನಿನ ಸುತ್ತ ದಪ್ಪನೆಯ ಕಪ್ಪು ಗೀಚು ಬಂತು, ಹಾಳೆ ತೂತಾಗುವಷ್ಟು. ಅಕ್ಕ ಅತ್ತಳು, ಮಗು ಒಳಗೊಳಗೇ ನೋಯುತ್ತಿದೆ ಎಂದು. ನಾನು ಇನ್ನೇನೋ ಅರ್ಥ ಹೇಳಿದೆ. ಥೆರಪಿಸ್ಟ್ ಇಬ್ಬರ ಮಾತನ್ನೂ ಕೇಳಿ, "ನೀವಿಬ್ಬರೂ ಊಹೆ ಮಾಡ್ತಿದೀರಿ. ಅವನನ್ನೇ ಕೇಳಿ" ಎಂದರು. ಮಾತಿಲ್ಲದವನನ್ನು ಕೇಳುವುದು ಹೇಗೆ? ಫೋನಿನಲ್ಲಿ ಫ್ಯಾನುಗಳ ಫೋಟೊ ತೆಗೆಸಿದರು. ಹಾಲಿನ ಫ್ಯಾನು, ಅಜ್ಜಿ ಮನೆಯದು, ಥೆರಪಿ ರೂಮಿನದು, ಕ್ಲಾಸ್‌ರೂಮಿನದು. ಪ್ರಿಂಟ್ ಹಾಕಿಸಿ ಅವನ ಚಿತ್ರದ ಪಕ್ಕ ಸಾಲಾಗಿ ಇಟ್ಟೆವು. ಅವನು ಕ್ಲಾಸ್‌ರೂಮಿನ ಫೋಟೊ ಎತ್ತಿ ಕಪ್ಪು ಗೀಚಿನ ಮೇಲಿಟ್ಟು ಎರಡೂ ಕಿವಿ ಮುಚ್ಚಿಕೊಂಡ. ಮರುದಿನ ಆ ರೂಮಿನಲ್ಲಿ ಅವನ ಬೆಂಚಿನ ಮೇಲೆ ಹೋಗಿ ಕೂತೆ. ನೆತ್ತಿಯ ಮೇಲಿನ ಫ್ಯಾನು ಒಂದೊಂದು ಸುತ್ತಿಗೂ ಕಟಕ್, ಕಟಕ್ ಎನ್ನುತ್ತಿತ್ತು. ಹತ್ತು ನಿಮಿಷಕ್ಕೆ ನನಗೇ ತಲೆ ಚಿಟ್ಟೆಂದಿತು. ಬೆಂಚು ಬದಲಾಯಿತು, ಫ್ಯಾನಿನ ರಿಪೇರಿಗೆ ಇನ್ನೂ ಎರಡು ವಾರ ಹಿಡಿಯಿತು, ಬಸ್ ಹತ್ತಲು ಅವನಿಗೂ ಸುಮಾರು ಅಷ್ಟೇ.

ಇದನ್ನು ಹೇಳಿದಾಗಲೆಲ್ಲ ಕೇಳಿದವರು ತಮ್ಮ ಮಗುವಿನ ಚಿತ್ರದಲ್ಲಿ ಗುಟ್ಟು ಹುಡುಕಲು ಹೊರಡುತ್ತಾರೆ. ಆ ವರ್ಷ ಅವನು ಬಿಡಿಸಿದ ನೂರಾರು ಫ್ಯಾನುಗಳಲ್ಲಿ ಗುಟ್ಟಿದ್ದದ್ದು ಆ ವಾರದವುಗಳಲ್ಲಿ. ಮಿಕ್ಕವು ಫ್ಯಾನುಗಳು. ಬದಲಾವಣೆ ಕಂಡಾಗ ಕೇಳಿ, ಕೇಳುವಾಗ ಉತ್ತರ ಬೆರಳಲ್ಲಿ ತೋರಿಸುವಂತಿರಲಿ. ಅದಕ್ಕಾಗಿ ಪ್ರತಿ ಚಿತ್ರದ ಹಿಂದೆ ತಾರೀಖು ಬರೆದು ಇಟ್ಟುಕೊಳ್ಳಿ. 'ನಿದ್ದೆ ಇಲ್ಲ', 'ಸ್ಕೂಲಿಗೆ ರಜೆ', 'ಜ್ವರ' ಎಂದು ಎರಡು ಪದವಿದ್ದರೂ ಮುಂದೆ ಉಪಯೋಗಕ್ಕೆ ಬರುತ್ತದೆ.

ಸ್ವಲ್ಪ ಮಾತಿರುವ, ಏಳೆಂಟು ದಾಟಿದ ಮಕ್ಕಳಿಗೆ ಇನ್ನೊಂದು ದಾರಿ ಇದೆ. ಕ್ಯಾರೊಲ್ ಗ್ರೇ ಎಂಬ ಅಮೆರಿಕದ ಶಿಕ್ಷಕಿ 1994ರಲ್ಲಿ ಹೇಳಿಕೊಟ್ಟದ್ದು. ಶಾಲೆಯಲ್ಲಿ ಜಗಳವಾಯಿತೆನ್ನಿ. ಕಡ್ಡಿ ಮನುಷ್ಯರಿಬ್ಬರನ್ನು ಬಿಡಿಸಿ, ಕಾಮಿಕ್ಸಿನಲ್ಲಿರುವಂತೆ ಆಡಿದ ಮಾತಿಗೊಂದು ಬಲೂನು, ಮನಸ್ಸಿನಲ್ಲಿದ್ದ ಮಾತಿಗೊಂದು ಮೋಡ. ಅವನು ಏನಂದ, ನೀನು ಏನಂದೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಇಬ್ಬರೂ ಸೇರಿ ತುಂಬುತ್ತ ಹೋಗುವುದು. "ಯಾಕೆ ಹೊಡೆದೆ?" ಎಂದು ಕೇಳಿದರೆ ಬಾರದ ಉತ್ತರ ಮೋಡದೊಳಗೆ ಬರುವುದುಂಟು.

ಥೆರಪಿಗೆ ಹೋಗುವ ಮನೆಗಳಲ್ಲಿ ಚಿತ್ರದ ಕಾರ್ಡುಗಳು ಬೇರೆ ಇರುತ್ತವೆ. ನೀರು ಬೇಕಾದರೆ ನೀರಿನ ಕಾರ್ಡು ತಂದು ಕೈಗೆ ಕೊಡುವುದು. ಪೆಕ್ಸ್ ಎಂದು ಕರೆಯುವ ಈ ಕ್ರಮವನ್ನು ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬುವರು ಅಮೆರಿಕದ ಡೆಲವೇರ್‌ನಲ್ಲಿ 1985ರಲ್ಲಿ ಶುರುಮಾಡಿದರು. ಕಾರ್ಡು ಕೊಟ್ಟರೆ ಮಗು ಮಾತೇ ಕಲಿಯುವುದಿಲ್ಲ ಎಂದು ಅಜ್ಜಿ ತಾತಂದಿರು ಹೆದರಿಸುತ್ತಾರೆ. ಅಧ್ಯಯನಗಳಲ್ಲಿ ಹಾಗೇನೂ ಕಂಡಿಲ್ಲ, ಕೆಲವು ಮಕ್ಕಳಿಗೆ ಮಾತು ಸ್ವಲ್ಪ ಹೆಚ್ಚಿದ್ದೇ ಕಂಡಿದೆ. ಮಗು ತಾನೇ ಬಿಡಿಸಿದ ಚಿತ್ರವನ್ನೇ ಕಾರ್ಡು ಮಾಡಿಕೊಂಡರೆ ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ 'ಸೆಖೆ' ಎನ್ನುವುದಕ್ಕೆ ಯಾವ ಕಾರ್ಡು ಎಂದು ಬಿಡಿಸಿ ಹೇಳಬೇಕಿಲ್ಲ.

ಬಹುಮಾನ, ಪ್ರದರ್ಶನ, ಫೇಸ್‌ಬುಕ್ಕು

"ಓ, 'ತಾರೆ ಜಮೀನ್ ಪರ್' ಹುಡುಗನ ಥರಾನಾ?" ಎಂದು ಮದುವೆ ಮನೆಯಲ್ಲಿ ಕೇಳುವವರಿದ್ದಾರೆ. 2007ರ ಆ ಸಿನಿಮಾದ ಹುಡುಗನಿಗಿದ್ದದ್ದು ಡಿಸ್ಲೆಕ್ಸಿಯಾ, ಅಕ್ಷರ ಓದುವ ತೊಡಕು. ಆಟಿಸಂ ಬೇರೆ. ಆದರೆ ಕೊನೆಯಲ್ಲಿ ಚಿತ್ರಸ್ಪರ್ಧೆ ಗೆದ್ದು ಎಲ್ಲ ಸರಿಹೋಗುವ ಆ ಕಥೆ ತಂದೆತಾಯಂದಿರ ತಲೆಯಲ್ಲಿ ಕೂತುಬಿಟ್ಟಿದೆ.

ಜೊತೆಗೆ ಸ್ಟೀಫನ್ ವಿಲ್ಟ್‌ಶರ್ ವಿಡಿಯೊ. ಲಂಡನ್ನಿನಲ್ಲಿ 1974ರಲ್ಲಿ ಹುಟ್ಟಿದ ಈತ 2005ರಲ್ಲಿ ಟೋಕಿಯೊ ನಗರವನ್ನು ಹೆಲಿಕಾಪ್ಟರಿನಿಂದ ಸ್ವಲ್ಪ ಹೊತ್ತು ನೋಡಿ, ಹತ್ತು ಮೀಟರ್ ಉದ್ದದ ಕ್ಯಾನ್ವಾಸಿನ ಮೇಲೆ ಏಳು ದಿನದಲ್ಲಿ ನೆನಪಿನಿಂದಲೇ ಬಿಡಿಸಿದ. ಅದ್ಭುತವೇ. ಆದರೆ ಅಂಥವರು ಆಟಿಸಂ ಇರುವವರಲ್ಲೂ ಅಪರೂಪ. ಅವನ ಬಾಲ್ಯದ ಒಂದು ಪ್ರಸಂಗ ಇನ್ನೂ ಹೆಚ್ಚು ಪ್ರಚಾರದಲ್ಲಿದೆ: ಮಾತಾಡದ ಹುಡುಗ ಕೇಳಲಿ ಎಂದು ಶಿಕ್ಷಕರು ಅವನ ಚಿತ್ರದ ಸಾಮಾನು ಎತ್ತಿಟ್ಟರು, ಕೊನೆಗೆ ಅವನು 'ಪೇಪರ್' ಎಂದ. ಇದನ್ನು ಓದಿ ಮನೆಯಲ್ಲಿ ಬಣ್ಣ ಬಚ್ಚಿಡುವವರನ್ನು ನಾನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಮಾತು ಬಂದೀತು, ಇಲ್ಲವೇ ಮಗುವಿಗಿದ್ದ ಒಂದೇ ದಾರಿ ಮುಚ್ಚೀತು.

ನಾಡಿಯಾ ಎಂಬ ಹುಡುಗಿಯ ಕಥೆ ಇದಕ್ಕೆ ತಿರುವುಮುರುವು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1967ರಲ್ಲಿ ಹುಟ್ಟಿದವಳು, ಮೂರೂವರೆ ವರ್ಷಕ್ಕೇ ಓಡುವ ಕುದುರೆಗಳನ್ನು ದೊಡ್ಡ ಕಲಾವಿದರಂತೆ ಬಿಡಿಸುತ್ತಿದ್ದಳು. ಮನಶ್ಶಾಸ್ತ್ರಜ್ಞೆ ಲೋರ್ನಾ ಸೆಲ್ಫ್ 1977ರಲ್ಲಿ ಅವಳ ಬಗ್ಗೆ ಪುಸ್ತಕವನ್ನೇ ಬರೆದರು. ನಾಡಿಯಾ ಸ್ವಲ್ಪ ಮಾತು ಕಲಿತಳು, ಕುದುರೆಗಳು ನಿಂತುಹೋದವು. ಮಾತು ಕಲಿಸಿ ಕಲೆ ಕಳೆದರೇ ಎಂದು ಜನ ಬಹಳ ವಾದಿಸಿದರು. ಹಾಗೆ ವಾದಿಸಿದವರ ಪೈಕಿ ಯಾರಿಗೂ ತಮ್ಮ ಮಗು ಬಾಯಾರಿಕೆ ಎಂದು ಹೇಳಲಾರದೆ ಒದ್ದಾಡಿದ್ದನ್ನು ನೋಡುವ ಪ್ರಸಂಗ ಬಂದಿರಲಿಲ್ಲವೇನೋ.

ಸ್ಪರ್ಧೆಗೆ ಕಳಿಸಬಾರದೆಂದಲ್ಲ. ಗದ್ದಲದ ಹಾಲ್, ಮೈಕು, ಗಂಟೆ ಹೊಡೆದ ಕೂಡಲೇ ಹಾಳೆ ಕಿತ್ತುಕೊಳ್ಳುವುದು, ಕೊಟ್ಟ ವಿಷಯ 'ನಮ್ಮ ಹಳ್ಳಿ'. ಇದರಲ್ಲಿ ಮಗುವಿಗೇನಿದೆ ಎಂದು ಕೇಳಿಕೊಂಡು ಕಳಿಸಿ. ಏಪ್ರಿಲ್ 2, ವಿಶ್ವ ಆಟಿಸಂ ಜಾಗೃತಿ ದಿನ, ಶಾಲೆಗಳಲ್ಲಿ ಇಂಥ ಮಕ್ಕಳ ಚಿತ್ರಪ್ರದರ್ಶನ ನಡೆಯುತ್ತದೆ. ಚಿತ್ರ ಗೋಡೆಗೆ ಹಾಕುವ ಮುಂಚೆ ಮಗುವಿನ ಎದುರಿಗಿಟ್ಟು, ಇಲ್ಲಿ ಇರಲಿಯೇ, ಅಲ್ಲಿ ಹೋಗಲಿಯೇ ಎಂದು ಎರಡು ಡಬ್ಬಿ ತೋರಿಸಿ ಕೇಳಿ. ನಮ್ಮವನು ಒಮ್ಮೆ ಹನ್ನೆರಡರಲ್ಲಿ ಎರಡನ್ನು ಕೊಟ್ಟ. ಎರಡೇ ಹೋದವು. ಫೇಸ್‌ಬುಕ್ಕಿಗೂ ಅದೇ ನಿಯಮ. ಮಗು ಅಳುತ್ತ ನೆಲದಲ್ಲಿ ಹೊರಳುವ ವಿಡಿಯೊ ಹಾಕಿ, ಮುಂದಿನದರಲ್ಲಿ ಚಿತ್ರ ಹಾಕಿ, ನೋಡಿ ಎಷ್ಟು ಬದಲಾವಣೆ ಎನ್ನುವವರಿಗೆ ಏನು ಹೇಳುವುದೆಂದು ನನಗೆ ತಿಳಿಯುವುದಿಲ್ಲ.

ಎಲ್ಲಿ ಹೋಗುವುದು

ಆಟಿಸಂ ಇರಬಹುದೆಂಬ ಅನುಮಾನವಿದ್ದರೆ ಚಿತ್ರದ ಕ್ಲಾಸಿಗಿಂತ ಮೊದಲು ತಪಾಸಣೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆಯಡಿ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಡಿಇಐಸಿ ಕೇಂದ್ರಗಳಿವೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಎರಡೂ ಇದ್ದೇ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. 1999ರ ಕಾಯ್ದೆಯಡಿ ಬಂದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ಒಂದು ಲಕ್ಷ ರೂಪಾಯಿವರೆಗಿನ ವೈದ್ಯಕೀಯ ಖರ್ಚಿಗೆ ಇದೆ. ಇದನ್ನು ಕೇಳಿಯೇ ಇರದ ಮನೆಗಳು ಎಷ್ಟೋ.

ಚಿತ್ರದ ಟೀಚರ್ ಹುಡುಕುವಾಗ, ಬೋರ್ಡಿನ ಮೇಲೆ 'ಆರ್ಟ್ ಥೆರಪಿ' ಎಂದಿದೆಯೋ ಇಲ್ಲವೋ ಎಂಬುದಕ್ಕಿಂತ ಎರಡು ವಿಷಯ ನೋಡಿ. ನೀವು ಒಳಗೆ ಕೂತು ನೋಡಬಹುದೇ? ಬೇಡ ಎನ್ನುವ ಜಾಗ ನಮಗೂ ಬೇಡ. ಗೋಡೆಗೆ ತೂಗುಹಾಕಿದ ಚಿತ್ರಗಳು ಹೇಗಿವೆ? ಇಪ್ಪತ್ತು ಮಕ್ಕಳ ಇಪ್ಪತ್ತು ಚಿತ್ರದಲ್ಲೂ ಅದೇ ಗುಡ್ಡ, ಅದೇ ಸೂರ್ಯ ಇದ್ದರೆ ಅದು ನನ್ನಂಥ ಮೇಷ್ಟ್ರ ಕ್ಲಾಸು.

ಅವನಿಗೀಗ ಹದಿನಾಲ್ಕು. ಮಾತು ಹೆಚ್ಚಿದೆ, ಬಹಳವೇನಿಲ್ಲ. ಫ್ಯಾನು ಬಿಟ್ಟು ಎಕ್ಸಾಸ್ಟ್ ಫ್ಯಾನಿಗೆ ಬಂದಿದ್ದಾನೆ. ಹಳೆಯ ಚಿತ್ರಗಳೆಲ್ಲ ಬೀರುವಿನ ಮೇಲಿನ ಸೀರೆ ಅಂಗಡಿಯ ರಟ್ಟಿನ ಡಬ್ಬಿಯಲ್ಲಿವೆ. ಮೊನ್ನೆ ಭಾವನವರು ಯಾವುದೋ ಹಳೆಯ ಎಲ್‌ಐಸಿ ರಸೀದಿ ಸಿಕ್ಕದೆ ಮನೆಯೆಲ್ಲ ಜಾಲಾಡುತ್ತಿದ್ದರು, ಅಕ್ಕನ ಮೇಲೆ ರೇಗಾಟವೂ ಆಯಿತು. ಅವನು ಸ್ಟೂಲು ಹಾಕಿ ಡಬ್ಬಿ ಇಳಿಸಿದ. ನೂರಾರು ಹಾಳೆಗಳ ನಡುವಿಂದ ಒಂದನ್ನು ಎಳೆದು, ತಿರುಗಿಸಿ, ಅಪ್ಪನ ಕೈಗೆ ಕೊಟ್ಟ. ಅದೇ ರಸೀದಿ. ಭಾವನವರು ಜೆರಾಕ್ಸ್ ಮಾಡಿಸಿಕೊಂಡು ಬರುವವರೆಗೆ ಗೇಟಿನ ಹತ್ತಿರ ನಿಂತಿದ್ದು, ಫ್ಯಾನು ವಾಪಸ್ ಇಸಿದುಕೊಂಡು ಒಳಗೆ ಹೋದ.